ಹಿಂದಿನ ಗಾಲಿಯ ಲೆಕ್ಕ

ನಮ್ಮ ಅವ್ವ ಕಾರಿನಲ್ಲಿ ಎಂದೂ ಮುಂದೆ ಕೂರುವವಳಲ್ಲ. ಎದುರಿಗೆ ಬರುವ ಲಾರಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾಳೆ. ಅವಳದ್ದು ಹಿಂದಿನ ಸೀಟು, ಎಡಬದಿಯ ಕಿಟಕಿ, ಮಡಿಲಲ್ಲಿ ಬುತ್ತಿ ಚೀಲ. ಕಳೆದ ಮಳೆಗಾಲದಲ್ಲಿ ಅವಳನ್ನು ರಾಣೆಬೆನ್ನೂರಿನಿಂದ ಅಂಬರನಾಥದ ನಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಹುಬ್ಬಳ್ಳಿ ಬರುವ ಮೊದಲೇ ಕೇಳಿದಳು: "ತಮ್ಮಾ, ಹಿಂದ ಏನೋ ಗುಂಯ್ ಅಂತೈತಲ್ಲೋ?"

"ರಸ್ತೆ ಸಪ್ಪಳ ಅವ್ವಾ" ಎಂದೆ. ಬೆಳಗಾವಿ ಹತ್ತಿರ ಮತ್ತೊಮ್ಮೆ ಕೇಳಿದಳು. ನಾನು ಹಾಡಿನ ಸದ್ದು ಸ್ವಲ್ಪ ಜೋರು ಮಾಡಿದೆ.

ಸಾತಾರಾ ದಾಟಿದ ಮೇಲೆ ಮಳೆ ಹಿಡಿಯಿತು. ಖಂಬಾಟಕಿ ಘಾಟಿ ಇನ್ನೂ ಮುಂದಿತ್ತು. ಬಲಕ್ಕೆ ಹೊರಳುವ ಒಂದು ಉದ್ದನೆಯ ತಿರುವು, ವೇಗ ಎಂಬತ್ತರ ಆಸುಪಾಸು. ಮುಂದಿನ ಟೆಂಪೊ ನಿಧಾನವಾಯಿತೆಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಅಷ್ಟೆ. ಕಾರಿನ ಹಿಂಭಾಗ ಎಡಕ್ಕೆ ಜಾರಿತು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ, ಅದು ಬಲಕ್ಕೆ ತೂಗಿತು. ಎರಡು ಸಲ ಹೀಗೆ ಓಲಾಡಿ ರಸ್ತೆಯ ಎಡ ಅಂಚಿನ ಮಣ್ಣಿನಲ್ಲಿ ನಿಂತೆವು. ಹಿಂದಿದ್ದ ಲಾರಿಯವನು ಹಾರ್ನ್ ಒತ್ತಿ ಹಿಡಿದೇ ಪಕ್ಕದಲ್ಲಿ ಹಾದುಹೋದ. ಹೆಂಡತಿ ಮಾತಾಡಲಿಲ್ಲ. ಆರು ವರ್ಷದ ಮಗಳು ಅಳಲೂ ಮರೆತಿದ್ದಳು. ಅವ್ವ ಮಾತ್ರ ಮೆಲ್ಲಗೆ ಅಂದಳು: "ಹಿಂದಿಂದ ಯಾರೋ ಹಿಡದು ಎಳದಂಗಾತೋ."

ಮಳೆಯಲ್ಲೇ ಇಳಿದು ನೋಡಿದೆ. ಹಿಂದಿನ ಎಡ ಟೈರು ಹೊರಗಿನಿಂದ ಚೆನ್ನಾಗಿಯೇ ಇತ್ತು, ಗೀರುಗಳು ಆಳವಾಗಿಯೇ ಇದ್ದವು. ಬಗ್ಗಿ ಒಳಬದಿಗೆ ಕೈ ಹಾಕಿ ಸವರಿದೆ. ಬೆರಳಿಗೆ ಏನೋ ಚುಚ್ಚಿತು. ಹೊರತೆಗೆದರೆ ರಕ್ತ. ಟೈರಿನ ಒಳ ಅಂಚಿನ ರಬ್ಬರು ಪೂರ್ತಿ ಸವೆದು, ಒಳಗಿನ ಉಕ್ಕಿನ ತಂತಿ ಹೊರಗೆ ಬಂದಿತ್ತು. ಆ ಟೈರಿನ ಮೇಲೆ ಅವ್ವನನ್ನು ನಾನ್ನೂರು ಕಿಲೋಮೀಟರು ಕೂರಿಸಿಕೊಂಡು ಬಂದಿದ್ದೆ.

ಸ್ಟೆಪ್ನಿ ಹಾಕಿ, ಅರವತ್ತು ಮೀರದೆ ಪುಣೆ ಮುಟ್ಟಿ, ಹಿಂದಕ್ಕೆ ಎರಡು ಹೊಸ ಟೈರು ಕೊಂಡು ಮನೆ ಸೇರಿದೆವು. ಹಳೆಯ ಟೈರನ್ನು ಮಾತ್ರ ಅಂಗಡಿಯವನಿಗೆ ಕೊಡದೆ ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆ.

ಈಗ ತಪ್ಪೊಪ್ಪಿಗೆ. ಈ ಟೈರನ್ನು ತಿಂದದ್ದು ರಸ್ತೆಯಲ್ಲ, ನನ್ನ ಶೋಕಿ.

ಸುರತ್ಕಲ್‌ನಲ್ಲಿ ಎಂಟೆಕ್ ಓದುವಾಗ ಕ್ಯಾಂಪಸ್ಸಿನ ಹೊರಗೆ ಹೆದ್ದಾರಿಯಲ್ಲಿ ಮಂಗಳೂರಿನ ಹುಡುಗರು ತಗ್ಗಿಸಿದ ಕಾರುಗಳಲ್ಲಿ ಹೋಗುತ್ತಿದ್ದರು. ನೆಲಕ್ಕೆ ಅಂಟಿಕೊಂಡು ಓಡುವ ಆ ಆಕಾರ ಆಗಲೇ ತಲೆಯಲ್ಲಿ ಕೂತಿತ್ತು. ನಿಜವಾದ ಸ್ಪೋರ್ಟ್ಸ್ ಕಾರು ಕೊಳ್ಳುವ ಸಂಬಳ ಸಾಫ್ಟ್‌ವೇರಿನಲ್ಲೂ ನನಗೆ ಬರಲಿಲ್ಲ. ಆದರೆ ನಮ್ಮಲ್ಲಿ 2006ರಿಂದ 2013ರವರೆಗೆ ಮಾರಾಟವಾದ ಹೋಂಡಾ ಸಿವಿಕ್ ಎಂಬ ಕಾರು ಈಗ ಹಳೆ ಮಾಲಾಗಿ ಕೈಗೆಟಕುವ ಬೆಲೆಗೆ ಸಿಗುತ್ತದೆ. ಸ್ಪೋರ್ಟ್ಸ್ ಕಾರಿನ ಹಾಗೇ ತಗ್ಗಾಗಿ ಕೂತ ಮೈಕಟ್ಟು. ಹಿಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಸಸ್ಪೆನ್ಷನ್. ಅಂಬರನಾಥದಿಂದ ಮಹಾಪೆಯ ಆಫೀಸಿಗೆ ರೈಲಿನಲ್ಲಿ ಹೋಗಬೇಕೆಂದರೆ ಠಾಣೆಗೆ ಹೋಗಿ ಗಾಡಿ ಬದಲಿಸಬೇಕು. ಬೆಳಗಿನ ಲೋಕಲ್ ಹತ್ತಿದವರಿಗೆ ಆ ಸುಖ ಗೊತ್ತು. ಕಟಾಯಿ ನಾಕಾ, ಶಿಳ್‌ಫಾಟಾ ಮೇಲೆ ಕಾರಿನಲ್ಲಿ ಹೋಗುತ್ತೇನೆಂದು ಮನೆಯಲ್ಲಿ ಒಪ್ಪಿಸಿ ಕೊಂಡೆ.

ಈ ಕಾರು ಮೊದಲೇ ನಮ್ಮ ಸ್ಪೀಡ್ ಬ್ರೇಕರುಗಳಿಗೆ ಹೊಟ್ಟೆ ತಾಗಿಸುವುದಕ್ಕೆ ಹೆಸರಾದದ್ದು. ಅದನ್ನು ಇನ್ನೂ 35 ಮಿಲಿಮೀಟರು ತಗ್ಗಿಸಿದ ಬುದ್ಧಿವಂತ ನಾನು. ಅಸಲಿ ಸ್ಪ್ರಿಂಗು ಬಿಚ್ಚಿಸಿ ಗಿಡ್ಡ ಸ್ಪ್ರಿಂಗು ಹಾಕಿಸಿದೆ, ಒಂದು ಮಧ್ಯಾಹ್ನದ ಕೆಲಸ. ಮೊದಲ ವಾರ ಪಾರ್ಕಿಂಗಿನಲ್ಲಿ ನಿಲ್ಲಿಸಿ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದೆ.

ಎರಡನೇ ವಾರಕ್ಕೆ ಸ್ಟೇರಿಂಗ್ ಸೊಟ್ಟಗಾಯಿತು. ಕಾರು ನೇರ ಹೋಗುತ್ತಿದ್ದರೂ ಸ್ಟೇರಿಂಗಿನ ನಡುವಿನ ಲಾಂಛನ ನಾಲ್ಕೈದು ಡಿಗ್ರಿ ಎಡಕ್ಕೆ ವಾಲಿರುತ್ತಿತ್ತು. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದೆ, ನೇರವಾಯಿತು. ಮೂರು ತಿಂಗಳಿಗೆ ಮತ್ತೆ ಬೇರೆ ಕಡೆ ಮಾಡಿಸಿದೆ. ಒಂಬತ್ತು ತಿಂಗಳಲ್ಲಿ ಮೂರು ಸಲ, ಮೂರು ಅಂಗಡಿ. ಪ್ರತಿಸಲವೂ ಮುಂದಿನ ಚಕ್ರಗಳ ಅಂಕಿಗಳೆಲ್ಲ ಹಸಿರು ಬಣ್ಣದಲ್ಲಿರುವ ಕಾಗದ ಕೈಗೆ ಬಂತು. ಹಿಂದಿನದೇನು ಎಂದು ಒಮ್ಮೆ ಕೇಳಿದ್ದಕ್ಕೆ "ಪೀಛೇ ಕುಛ್ ನಹೀ ಹೋತಾ ಸಾಬ್" ಎಂಬ ಉತ್ತರ. ಎಂಟೆಕ್ ಮಾಡಿದವನು ಆ ಮಾತನ್ನು ನಂಬಿ ದುಡ್ಡು ಕೊಟ್ಟು ಬಂದೆ. ಲಾಗ್ ಓದದೆ ಸರ್ವರ್ ರಿಸ್ಟಾರ್ಟ್ ಮಾಡಿ 'ಸರಿಹೋಯ್ತು' ಎಂದು ಟಿಕೆಟ್ ಮುಚ್ಚುವ ಹುಡುಗರಿಗೆ ಆಫೀಸಿನಲ್ಲಿ ನಾನೇ ಬೈಯುತ್ತೇನೆ.

ಘಾಟಿಯ ಘಟನೆಯ ಮೇಲೆ ಕಾರು ಹೊರತೆಗೆಯಲು ಕೈಕಾಲು ಆಡಲಿಲ್ಲ. ಎಲ್ಲರೂ ಹೇಳಿದ್ದು ಒಂದೇ: 'ಕ್ಯಾಂಬರ್ ಜಾಸ್ತಿಯಾಗಿದೆ, ಹಿಂದಕ್ಕೆ ಅಡ್ಜಸ್ಟ್ ಮಾಡುವ ಆರ್ಮ್ ಹಾಕಿಸಿ'. ಹದಿನೆಂಟು ಸಾವಿರ ರೂಪಾಯಿಯ ಬಾಬತ್ತು. ಹಣ ಕಳಿಸುವವನೇ ಇದ್ದೆ. ಕಲ್ಯಾಣ–ಬದಲಾಪುರ ರಸ್ತೆಯಲ್ಲಿ ನಾನು ಇಡ್ಲಿ ತಿನ್ನುವ ಉಡುಪಿ ಹೋಟೆಲಿನ ಮಾಲೀಕರು ತಡೆದರು. "ಮೊದಲು ನಮ್ಮ ಕಡೆಯವರೊಬ್ಬರಿದ್ದಾರೆ, ಅವರಿಗೆ ತೋರಿಸಿ. ಕಾರಿನವರಲ್ಲ, ಲಾರಿಯವರು. ಆದರೆ ಗಾಲಿ ವಿಷಯ ಅವರಿಗೆ ಗೊತ್ತು."

ಆನಂದನಗರ ಎಂಐಡಿಸಿಯ ಒಂದು ಒಳರಸ್ತೆಯಲ್ಲಿ ತಗಡಿನ ಶೆಡ್ಡು. ಕಾರ್ಖಾನೆಗಳಿಗೆ ಮಾಲು ತರುವ ಲಾರಿ, ಟೆಂಪೊಗಳೇ ಗಿರಾಕಿಗಳು. ಯಜಮಾನರಿಗೆ ಅರವತ್ತರ ಹತ್ತಿರದ ವಯಸ್ಸು, ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಕಾರು ನೋಡಿದವರೇ ನಕ್ಕರು.

"ಗಾಡಿ ಭಾಳ ಕೆಳಗ ಕುಂತೈತಲ್ರಿ ಸರ್. ಯಾವೂರಾತ್ರಿ ತಮ್ಮದು?"

"ರಾಣೆಬೆನ್ನೂರ್ರಿ."

"ಹಂಗಾರ ನಮ್ಮವರ ಆದ್ರಿ. ಕುಂದರ್ರಿ, ಚಾ ಕುಡೀರಿ. ದಾರ ಹಿಡೀತೀನಿ."

ಕಂಪ್ಯೂಟರು ಇರಲಿಲ್ಲ. ಗೌಂಡಿಗಳು ಬಳಸುವ ನೀರಿನ ಪೈಪು ಹಿಡಿದು ನಾಲ್ಕೂ ಚಕ್ರದ ಕೆಳಗಿನ ನೆಲ ಸಮವಿದೆಯೇ ನೋಡಿದರು. ಟೈರಿನ ಗಾಳಿ ಸಮ ಮಾಡಿದರು. ಕಾರಿನ ನಾಲ್ಕು ಮೂಲೆಗೆ ಕಬ್ಬಿಣದ ಸ್ಟ್ಯಾಂಡುಗಳನ್ನಿಟ್ಟು, ಎರಡೂ ಪಕ್ಕದಲ್ಲಿ ಚಕ್ರದ ನಡುಮಟ್ಟಕ್ಕೆ ನೈಲಾನ್ ದಾರ ಬಿಗಿದರು. ಎರಡು ದಾರಗಳೂ ಕಾರಿನ ನಡುಗೆರೆಗೆ ಸಮಾನಾಂತರವಾಗಿ ಬರುವವರೆಗೆ ಅಳೆದು ಅಳೆದು ಸರಿಸಿದರು. ಇದಕ್ಕೇ ಮುಕ್ಕಾಲು ಗಂಟೆ. ಆಮೇಲೆ ಸ್ಟೀಲ್ ಪಟ್ಟಿಯಿಂದ ಪ್ರತಿ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ಅಂತರ ಎಂದು ಅಳೆದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರು.

ಹಿಂದಿನ ಬಲ ಚಕ್ರದಲ್ಲಿ ಎರಡೂ ಅಂಚಿಗೆ ಅರ್ಧ ಮಿಲಿಮೀಟರಿನ ವ್ಯತ್ಯಾಸ. ಹಿಂದಿನ ಎಡ ಚಕ್ರದಲ್ಲಿ ನಾಲ್ಕೂವರೆ ಮಿಲಿಮೀಟರು. ಅಂದರೆ ಎಡ ಚಕ್ರ ಮುಂದಕ್ಕೆ ನೋಡುತ್ತಿರಲೇ ಇಲ್ಲ, ಎಡಕ್ಕೆ ಮುಖ ತಿರುಗಿಸಿ ನಿಂತಿತ್ತು.

"ಮುಂದಿಂದು ಮೂರು ಸರ್ತಿ ಮಾಡಿಸೀನಿ ಅಂತೀರಿ. ಗಾಲಿ ವಾರೆ ಆಗಿದ್ದು ಹಿಂದ. ಬಂಡಿ ಅಚ್ಚು ಸೊಟ್ಟ ಆದ್ರ ಎತ್ತಿಗೆ ಹೊಡದು ಏನ್ ಮಾಡ್ತೀರಿ ಸರ್?"

ಇಲ್ಲಿ ಎರಡು ಪದಗಳನ್ನು ಬಿಡಿಸಿ ಹೇಳಬೇಕು. ಎದ್ದು ನಿಂತು ನಿಮ್ಮ ಪಾದ ನೋಡಿಕೊಳ್ಳಿ. ಬೆರಳುಗಳು ಒಳಕ್ಕೆ ತಿರುಗಿದ್ದರೆ ಅದು ಟೋ-ಇನ್, ಬಾತುಕೋಳಿಯ ಹಾಗೆ ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಚಕ್ರಕ್ಕೂ ಅದೇ. ಇನ್ನು ಚಕ್ರವನ್ನು ಹಿಂದಿನಿಂದ ನೋಡಿದಾಗ ಅದರ ತಲೆ ಕಾರಿನ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಇಂಥ ಸಸ್ಪೆನ್ಷನ್‌ನಲ್ಲಿ ಚಕ್ರವನ್ನು ಹಿಡಿದಿರುವ ಆರ್ಮುಗಳು ಬಾಗಿಲಿನ ಹಾಗೆ ಒಂದು ತುದಿಯಲ್ಲಿ ತಿರುಗುತ್ತವೆ. ಕಾರು ತಗ್ಗಿದಾಗ ಅವುಗಳ ಕೋನ ಬದಲಾಗುತ್ತದೆ. ಮೇಲಿನ ಆರ್ಮ್ ಗಿಡ್ಡ, ಅದು ಚಕ್ರದ ತಲೆಯನ್ನು ಒಳಕ್ಕೆಳೆಯುತ್ತದೆ; ಜೊತೆಗೆ ಟೋ ಕೂಡ ತಪ್ಪುತ್ತದೆ. ವಾಲಿದ ಚಕ್ರ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಕ್ಯಾಂಬರನ್ನೇ ದೂರುತ್ತಾರೆ. ಟೋ ಕಾಣುವುದಿಲ್ಲ. ಯಜಮಾನರ ಮಾತಿನಲ್ಲಿ, "ಕ್ಯಾಂಬರು ಗಾಲಿ ವಾಲಸ್ತದ, ಟೋ ಗಾಲಿ ತಿಂತದ."

ಮರುದಿನ ಅವರು ಹೇಳಿದ ಹಾಗೆ ಕಲ್ಯಾಣದ ಒಂದು 3ಡಿ ಯಂತ್ರದ ಅಂಗಡಿಗೆ ಹೋದೆ. ಏನನ್ನೂ ತಿರುಗಿಸಬೇಡಿ, ನಾಲ್ಕೂ ಚಕ್ರದ ಅಂಕಿ ಮಾತ್ರ ಕೊಡಿ ಎಂದೆ. ಹಿಂದಿನ ಎಡ ಚಕ್ರದ ಟೋ ಮೈನಸ್ 40 ಮಿನಿಟು, ಬಲದ್ದು ಮೈನಸ್ 4 ಮಿನಿಟು (ಒಂದು ಡಿಗ್ರಿಗೆ 60 ಮಿನಿಟು, ಮೈನಸ್ ಎಂದರೆ ಹೊರಕ್ಕೆ). ಕ್ಯಾಂಬರ್ ಎರಡೂ ಕಡೆ ಮೈನಸ್ ಎರಡು ಡಿಗ್ರಿ ಮೀರಿತ್ತು. ದಾರ ಮತ್ತು ಸ್ಟೀಲ್ ಪಟ್ಟಿ ಹೇಳಿದ್ದನ್ನೇ ಯಂತ್ರವೂ ಹೇಳಿತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಎರಡೂ ಚಕ್ರ ಸೇರಿ 44 ಮಿನಿಟು ಹೊರಕ್ಕೆ ತೆರೆದಿವೆ. ಕಾರು ಓಡುವಾಗ ಇವೆರಡರ ಜಗ್ಗಾಟ ನಡುವೆ ಎಲ್ಲೋ ಸಮವಾಗಿ, ಪ್ರತಿ ಚಕ್ರವೂ ಹೋಗುವ ದಾರಿಗೆ ಸುಮಾರು 22 ಮಿನಿಟು ಓರೆಯಾಗಿ ಉರುಳುತ್ತದೆ. ಇದರ ಸೈನ್ ತೆಗೆದು ಸಾವಿರ ಮೀಟರಿಗೆ ಗುಣಿಸಿದರೆ 6.4 ಮೀಟರು. ಅಂದರೆ ಒಂದು ಕಿಲೋಮೀಟರು ಉರುಳುವಷ್ಟರಲ್ಲಿ ಟೈರು ಆರು ಮೀಟರಿಗೂ ಹೆಚ್ಚು ಅಡ್ಡಡ್ಡ ಉಜ್ಜಿಸಿಕೊಳ್ಳುತ್ತದೆ. ರಾಣೆಬೆನ್ನೂರಿನಿಂದ ಅಂಬರನಾಥಕ್ಕೆ ಆರುನೂರು ಕಿಲೋಮೀಟರು ಮೀರುತ್ತದೆ; ಅಷ್ಟು ದೂರಕ್ಕೆ ಸುಮಾರು ನಾಲ್ಕು ಕಿಲೋಮೀಟರು ಟೈರನ್ನು ಅಡ್ಡಲಾಗಿ ಎಳೆದ ಹಾಗೆ. ಚಕ್ರದ ತಲೆ ಒಳಕ್ಕೆ ವಾಲಿರುವುದರಿಂದ ಆ ಉಜ್ಜಾಟದ ಹೊರೆಯೆಲ್ಲ ಒಳ ಅಂಚಿನ ಮೇಲೆ. ಹೊರಗಿನ ಗೀರುಗಳು ಹೊಸದರಂತೆ ಉಳಿದದ್ದೂ ಇದಕ್ಕೇ. ಅವ್ವನಿಗೆ ಕೇಳಿಸಿದ ಗುಂಯ್ ಸದ್ದು ಹೀಗೆ ಓರೆಯಾಗಿ ಸವೆದ ರಬ್ಬರಿನ ಹಲ್ಲುಗಳು ರಸ್ತೆಗೆ ಬಡಿಯುವ ಸದ್ದು.

ಸ್ಟೇರಿಂಗ್ ಸೊಟ್ಟಗಾದ ಗುಟ್ಟೂ ಇಲ್ಲೇ ಇತ್ತು. ಎಡ ಚಕ್ರ 40, ಬಲ ಚಕ್ರ 4. ವ್ಯತ್ಯಾಸದ ಅರ್ಧ 18 ಮಿನಿಟು. ಹಿಂದಿನ ಜೋಡಿ ಒಟ್ಟಾಗಿ ಕಾರನ್ನು ನೇರಕ್ಕಲ್ಲ, ಅಷ್ಟು ಎಡಕ್ಕೆ ತಳ್ಳುತ್ತಿತ್ತು. ಇದನ್ನು ಥ್ರಸ್ಟ್ ಆಂಗಲ್ ಎನ್ನುತ್ತಾರೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2,700 ಮಿಲಿಮೀಟರು ಉದ್ದವಿರುವ ಕಾರು ಹೀಗೆ ಹೋದರೆ ಹಿಂಭಾಗ ಮುಂಭಾಗದ ಜಾಡಿನಿಂದ 14 ಮಿಲಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ಏಡಿಯ ನಡಿಗೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ನೇರ ಹೋಗಬೇಕಾದರೆ ಸ್ಟೇರಿಂಗನ್ನು ಸದಾ ಎಡಕ್ಕೆ ಹಿಡಿದಿರಬೇಕು. ಅಂಗಡಿಯವರು ಮಾಡಿದ್ದೇನು? ಮುಂದಿನ ಚಕ್ರಗಳನ್ನೂ ಅದಕ್ಕೆ ತಕ್ಕಂತೆ ಓರೆ ಮಾಡಿ ಸ್ಟೇರಿಂಗನ್ನು ನೇರ ಕೂರಿಸಿದರು. ರೋಗ ಹಾಗೇ ಉಳಿಯಿತು, ಲಕ್ಷಣ ಮಾತ್ರ ಹೋಯಿತು. ಸೊಟ್ಟ ಸ್ಟೇರಿಂಗೇ ನನಗಿದ್ದ ಒಂದೇ ಎಚ್ಚರಿಕೆ; ದುಡ್ಡು ಕೊಟ್ಟು ಅದನ್ನೂ ಅಳಿಸಿಕೊಂಡಿದ್ದೆ.

ಘಾಟಿಯ ಮುಂಚಿನ ಆ ತಿರುವಿನಲ್ಲಿ ಆದದ್ದೂ ಈಗ ಅರ್ಥವಾಯಿತು. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಭಾರವನ್ನೆಲ್ಲ ಹೊತ್ತ ಎಡ ಚಕ್ರವೇ ತಿರುವಿನ ಹೊರಕ್ಕೆ ಮುಖ ಮಾಡಿ ನಿಂತಿತ್ತು. ಅದರ ಒಳ ಅಂಚಿನಲ್ಲಿ ನೀರು ಹೊರಹಾಕುವ ಗೀರುಗಳೇ ಉಳಿದಿರಲಿಲ್ಲ. ಆಕ್ಸಿಲರೇಟರ್ ಬಿಟ್ಟೊಡನೆ ಭಾರ ಮುಂದಕ್ಕೆ ಸರಿದು ಹಿಂದಿನ ಹಿಡಿತ ಇನ್ನಷ್ಟು ಕಡಿಮೆಯಾಯಿತು. ಯಾರೋ ಹಿಡಿದು ಎಳೆದಂತಾದದ್ದು ಸುಳ್ಳಲ್ಲ.

ಒಂದು ಪ್ರಶ್ನೆ ಉಳಿದಿತ್ತು. ಎರಡೂ ಕಡೆ ಒಂದೇ ಸ್ಪ್ರಿಂಗು, ಒಂದೇ ಎತ್ತರ. ಎಡ ಚಕ್ರ ಮಾತ್ರ ಏಕೆ ಇಷ್ಟು ತಪ್ಪಿತು?

ಯಜಮಾನರು ಕಾರೆತ್ತಿ ಬ್ಯಾಟರಿ ಹಿಡಿದು ತೋರಿಸಿದರು. ಹಿಂದಿನ ಒಂದು ಆರ್ಮಿನ ಒಳತುದಿಯ ಬೋಲ್ಟಿಗೆ ನಡು ತಪ್ಪಿದ ಬಿಲ್ಲೆಯಿರುತ್ತದೆ. ಬೋಲ್ಟ್ ತಿರುಗಿಸಿದರೆ ಆರ್ಮ್ ಕೆಲವು ಮಿಲಿಮೀಟರು ಒಳಗೋ ಹೊರಗೋ ಸರಿದು ಟೋ ಬದಲಾಗುತ್ತದೆ. ಈ ಕಾರಿನ ಹಿಂದಿನ ಚಕ್ರಕ್ಕೆ ಕಂಪನಿಯೇ ಕೊಟ್ಟ ಹೊಂದಾಣಿಕೆ ಇದು. ಬಲಗಡೆಯ ಬೋಲ್ಟಿನ ತಲೆಯ ಮೇಲೆ ಪಾನಾ ಹಿಡಿದ ಹೊಸ ಗುರುತಿತ್ತು. ಎಡಗಡೆಯದರ ಮೇಲೂ ಗುರುತಿತ್ತು, ಆದರೆ ಅಂಚುಗಳು ಉರುಟಾಗಿದ್ದವು. ಯಾರೋ ಪ್ರಯತ್ನಪಟ್ಟಿದ್ದಾರೆ, ಅದು ಜಗ್ಗಿಲ್ಲ. ಹದಿನೈದು ಮಳೆಗಾಲದ ನೀರು ಕುಡಿದು ಬೋಲ್ಟು ಬುಶ್ಶಿನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿತ್ತು. ತಿರುಗಿದ ಬಲಗಡೆಯದನ್ನು ಸರಿ ಮಾಡಿ, ತಿರುಗದ ಎಡಗಡೆಯದನ್ನು ಹಾಗೇ ಬಿಟ್ಟು, ಮುಂದಿನದನ್ನು ಅದಕ್ಕೆ ಹೊಂದಿಸಿ ಕಳಿಸಿದ್ದರು. 'ಎಡ ಬೋಲ್ಟ್ ಜಾಮಾಗಿದೆ' ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಎರಡು ದಿನ ತುಕ್ಕು ಬಿಡಿಸುವ ಎಣ್ಣೆ ಹೊಡೆದು ನೋಡಿದರು. ಬೆಂಕಿ ಹಿಡಿದರೆ ಬುಶ್ಶಿನ ರಬ್ಬರು ಸುಡುತ್ತದೆ. ಕೊನೆಗೆ ಬೋಲ್ಟನ್ನು ಎರಡೂ ಕಡೆ ಕತ್ತರಿಸಿ ಆರ್ಮನ್ನೇ ಹೊರತೆಗೆದರು. ಹೊಸ ಆರ್ಮ್, ಹೊಸ ಬೋಲ್ಟು ಬರಲು ಒಂದು ವಾರ. ಮಜೂರಿ ಸೇರಿ ಖರ್ಚು ನಾನು ಕಳಿಸಲಿದ್ದ ಹದಿನೆಂಟು ಸಾವಿರದ ಅರ್ಧವೂ ಆಗಲಿಲ್ಲ. ಹೊಸ ಬೋಲ್ಟಿಗೆ ಅವರು ಗ್ರೀಸು ಸವರಿ ಹಾಕಿದ್ದು, ಮುಂದೆ ಯಾರಿಗಾದರೂ ತಿರುಗಲಿ ಎಂದು.

ಆರ್ಮ್ ಕೂರಿಸುವ ಮುನ್ನ ಕೇಳಿದರು: "ಇದ್ದ ಎತ್ತರಕ್ಕ ಸೆಟ್ ಮಾಡ್ಲಿ, ಇಲ್ಲಾ ಹಳೆ ಸ್ಪ್ರಿಂಗ್ ಹಾಕ್ಲಿ?"

ಎರಡೂ ಸಾಧ್ಯವಿತ್ತು. ತಗ್ಗಿಸಿದ ಕಾರನ್ನೂ ಸರಿಯಾಗಿ ಹೊಂದಿಸಬಹುದು, ಹೊಂದಿಸಿ ಸುರಕ್ಷಿತವಾಗಿ ಓಡಿಸುವವರೂ ಇದ್ದಾರೆ. ಟೋ ಸರಿ ಮಾಡಿದರೆ ಎರಡು ಡಿಗ್ರಿ ಕ್ಯಾಂಬರಿನಲ್ಲೂ ಟೈರು ಸಾಕಷ್ಟು ಬಾಳುತ್ತದೆ. ಹಾಗೇ ಇರಲಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅವರೇ ಇನ್ನೊಂದು ಮಾತು ಕೇಳಿದರು: "ಗಾಡ್ಯಾಗ ಎಷ್ಟ ಮಂದಿ ಅಡ್ಡಾಡ್ತೀರಿ?"

ಅಲೈನ್‌ಮೆಂಟ್ ಮಾಡುವುದು ಖಾಲಿ ಕಾರಿಗೆ. ನಾನು ತಗ್ಗಿಸಿದ್ದೂ ಖಾಲಿ ಕಾರನ್ನೇ, ಬೆಳಿಗ್ಗೆ ಒಬ್ಬನೇ ಮಹಾಪೆಗೆ ಹೋಗುವ ನನ್ನನ್ನು ಕಣ್ಮುಂದೆ ಇಟ್ಟುಕೊಂಡು. ಆದರೆ ಅದು ನಿಜವಾಗಿ ದೂರ ಓಡುವುದು ಊರಿಗೆ. ಆಗ ಹಿಂದಿನ ಸೀಟಿನಲ್ಲಿ ಅವ್ವ, ಮಗಳು. ಡಿಕ್ಕಿಯಲ್ಲಿ ಅಕ್ಕಿ, ಜೋಳ, ಖಾರದಪುಡಿ, ಬ್ಯಾಡಗಿ ಮೆಣಸಿನಕಾಯಿ ಚೀಲ. ಆ ಭಾರಕ್ಕೆ ಗಿಡ್ಡ ಸ್ಪ್ರಿಂಗಿನ ಹಿಂಭಾಗ ಇನ್ನಷ್ಟು ಕುಸಿದು, ಆರ್ಮುಗಳ ಕೋನ ಇನ್ನಷ್ಟು ತಪ್ಪಿ, ಅಂಗಡಿಯ ಕಾಗದದಲ್ಲಿದ್ದ ಅಂಕಿಗಳಿಗೂ ರಸ್ತೆಯ ಮೇಲಿನ ಅಂಕಿಗಳಿಗೂ ಸಂಬಂಧವೇ ಇರುವುದಿಲ್ಲ. ಕುಸಿಯಲು ಉಳಿದ ಜಾಗವೂ ಕಡಿಮೆ; ಗುಂಡಿಗೆ ಬಿದ್ದರೆ ಸಸ್ಪೆನ್ಷನ್ ನೇರ ತಡೆಗಟ್ಟಿಗೆ ಬಡಿಯುತ್ತದೆ. ಕಾರಿಗೆ ಅತಿ ಹೆಚ್ಚು ಹಿಡಿತ ಬೇಕಾದದ್ದು ಯಾವಾಗಲೋ, ಆಗಲೇ ಅದಕ್ಕೆ ಅತಿ ಕಡಿಮೆ ಹಿಡಿತವಿರುವಂತೆ ನಾನು ಮಾಡಿಟ್ಟಿದ್ದೆ.

"ಹಳೇದ ಹಾಕ್ರಿ" ಎಂದೆ.

ಬಿಚ್ಚಿಟ್ಟಿದ್ದ ಅಸಲಿ ಸ್ಪ್ರಿಂಗುಗಳು ಬಾಲ್ಕನಿಯಲ್ಲಿದ್ದವು. ಅವನ್ನು ಹಾಕುವಾಗ ಯಜಮಾನರು ಇನ್ನೊಂದು ಕೆಲಸ ಮಾಡಿದರು, ಅದನ್ನು ನಾನು ಹಿಂದೆ ಎಲ್ಲೂ ನೋಡಿರಲಿಲ್ಲ. ಆರ್ಮುಗಳ ಬೋಲ್ಟುಗಳನ್ನು ಕಾರು ಎತ್ತಿದ ಸ್ಥಿತಿಯಲ್ಲಿ ಪೂರ್ತಿ ಬಿಗಿಯಲಿಲ್ಲ. ಕಾರನ್ನು ನೆಲಕ್ಕಿಳಿಸಿ, ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರನ್ನು ಕೂರಿಸಿ, ನಾಲ್ಕಾರು ಸಲ ಅದುಮಿ, ಅದು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿದರು. ಚಕ್ರ ಜೋತುಬಿದ್ದಾಗ ಬಿಗಿದರೆ ಬುಶ್ಶಿನ ರಬ್ಬರು ಕೆಳಗಿಳಿದಾಗ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನನ್ನ ಗಿಡ್ಡ ಸ್ಪ್ರಿಂಗು ಹಾಕಿದವರು ಇದನ್ನೂ ಮಾಡಿರಲಿಲ್ಲ.

ನಂತರ ಮೊದಲು ಹಿಂದಿನ ಎರಡು ಚಕ್ರ, ಆಮೇಲೆ ಮುಂದಿನವು. ಅದೇ ಸರಿಯಾದ ಕ್ರಮ. ಈಗ ಹಿಂದೆ ಎರಡೂ ಕಡೆ ಪ್ಲಸ್ 5 ಮಿನಿಟು, ಒಳಕ್ಕೆ. ಕ್ಯಾಂಬರ್ ಒಂದೂಕಾಲು ಡಿಗ್ರಿಯ ಹತ್ತಿರ. ಥ್ರಸ್ಟ್ ಆಂಗಲ್ ಸೊನ್ನೆ. ಸ್ಟೇರಿಂಗ್ ತಾನಾಗಿಯೇ ನೇರವಾಯಿತು.

"ದಾರದಾಗ ಇಷ್ಟು ಕರೆಕ್ಟ್ ಹೆಂಗ ಬರ್ತೈತ್ರಿ?" ಎಂದು ಕೇಳಿದ್ದಕ್ಕೆ ಅವರು ಊರಿನ ಶಿವಮಂದಿರದ ಕಡೆ ಕೈ ತೋರಿಸಿದರು. 1060ರ ಶಾಸನವಿರುವ, ಶಿಲಾಹಾರರ ಕಾಲದ ಗುಡಿ ಅದು. "ಅದನ್ನ ಕಟ್ಟಿದವರ ಹಂತ್ಯಾಕ ಲೇಸರ್ ಇತ್ತೇನ್ರಿ? ದಾರ ಇತ್ತು."

ಈಗ ಊರಿಂದ ದೂರವಿದ್ದು ಹಬ್ಬಕ್ಕೆ, ಜಾತ್ರೆಗೆ ಕಾರಿನಲ್ಲಿ ಹೋಗಿಬರುವ ನನ್ನಂಥವರಿಗೆ ನಾಲ್ಕು ಮಾತು. ಕಾರು ತಗ್ಗಿಸಿರದಿದ್ದರೂ ಇವು ಅನ್ವಯಿಸುತ್ತವೆ. ಒಂದು ದೊಡ್ಡ ಗುಂಡಿ ಸಾಕು ಹಿಂದಿನ ಚಕ್ರ ವಾರೆಯಾಗಲು.

ಮೊದಲನೆಯದು, ನಿಮ್ಮ ಕಾರಿನ ಹಿಂದೆ ಏನಿದೆ ತಿಳಿದುಕೊಳ್ಳಿ. ಸ್ವಿಫ್ಟ್, ಐ20ಯಂಥ ಸಣ್ಣ ಕಾರುಗಳಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಅಡ್ಡ ತೊಲೆ ಹಿಡಿದಿರುತ್ತದೆ. ಅಲ್ಲಿ ತಿರುಗಿಸಲು ಬೋಲ್ಟು ಇರುವುದಿಲ್ಲ ನಿಜ. ಆದರೆ ಅಂಕಿ ಅಳೆಯಬಹುದು. ಅಂಕಿ ತಪ್ಪಿದ್ದರೆ ತೊಲೆಯೋ ಚಕ್ರ ಕೂರುವ ಭಾಗವೋ ಬಾಗಿದೆ ಎಂದರ್ಥ. 'ಹಿಂದೆ ಹೊಂದಾಣಿಕೆ ಇಲ್ಲ' ಎನ್ನುವುದು ಬೇರೆ, 'ಹಿಂದೆ ನೋಡಬೇಕಾಗಿಲ್ಲ' ಎನ್ನುವುದು ಬೇರೆ.

ಎರಡನೆಯದು, ಅಲೈನ್‌ಮೆಂಟ್ ಮಾಡಿಸಿದಾಗ ಮೊದಲಿನ ಮತ್ತು ನಂತರದ ಅಂಕಿಗಳಿರುವ, ನಾಲ್ಕೂ ಚಕ್ರದ ಕಾಗದ ಕೇಳಿ ಪಡೆಯಿರಿ. ಹಿಂದಿನ ಎಡ–ಬಲ ಟೋ, ಥ್ರಸ್ಟ್ ಆಂಗಲ್ ಎಂಬ ಸಾಲುಗಳನ್ನು ಓದಿ. ಯಾವುದಾದರೂ ಬೋಲ್ಟು ತಿರುಗಲಿಲ್ಲವೇ ಎಂದು ಬಾಯಿಬಿಟ್ಟು ಕೇಳಿ. ಯಂತ್ರಕ್ಕೆ ಹತ್ತಿಸುವ ಮುಂಚೆ ಬುಶ್, ಬೇರಿಂಗುಗಳಲ್ಲಿ ಸಡಿಲವಿದೆಯೇ ನೋಡಿಸಿ. ಸಡಿಲವಿದ್ದರೆ ಅಂಕಿ ಹೊಂದಿಸಿ ಪ್ರಯೋಜನವಿಲ್ಲ.

ಮೂರನೆಯದು, ಟೈರನ್ನು ಹೊರಗಿನಿಂದ ನೋಡಿ ನಂಬಬೇಡಿ. ಗೀರಿನ ಆಳ 1.6 ಮಿಲಿಮೀಟರಿಗೆ ಬಂದರೆ ಬದಲಿಸಬೇಕೆಂಬ ಗುರುತು ಟೈರಿನಲ್ಲೇ ಇರುತ್ತದೆ. ಅದನ್ನು ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ನೋಡಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಒಳಬದಿ ಸವರಿ. ನನ್ನ ಹಾಗೆ ಬರಿಗೈ ಹಾಕಬೇಡಿ.

ನಾಲ್ಕನೆಯದು, ಕಾರಿನ ಮೂಲ ರಚನೆ ಬದಲಿಸುವ ಮುನ್ನ ಕಾನೂನು ಓದಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ನಾನು ಇದನ್ನು ಓದಿದ್ದು ಎಲ್ಲ ಮುಗಿದ ಮೇಲೆ. ಘಾಟಿಯಲ್ಲಿ ಏನಾದರೂ ಆಗಿದ್ದರೆ ವಿಮಾ ಕಂಪನಿಯವರ ಮುಂದೆ ಏನು ಹೇಳುತ್ತಿದ್ದೆನೋ ಯೋಚಿಸಿಲ್ಲ, ಯೋಚಿಸಲು ಇಷ್ಟವೂ ಇಲ್ಲ.

ನಮ್ಮ ಟೀಮಿನಲ್ಲಿ ಡೊಂಬಿವಲಿಯ ಒಬ್ಬ ಹುಡುಗನಿದ್ದಾನೆ, ಇಪ್ಪತ್ನಾಲ್ಕರ ವಯಸ್ಸು. ಅವನೂ ಇದೇ ಕಾರು ಕೊಂಡಿದ್ದಾನೆ. ನನ್ನ ಗಿಡ್ಡ ಸ್ಪ್ರಿಂಗುಗಳನ್ನು ಕೊಡಿ ಎಂದು ಮನೆಗೆ ಬಂದ. ಕೊಡುವುದಿಲ್ಲ ಎನ್ನಲು ನಾನ್ಯಾರು, ಅವನ ವಯಸ್ಸಿನಲ್ಲಿ ನನಗೂ ಅದೇ ಹುಚ್ಚಿತ್ತು. ಸ್ಪ್ರಿಂಗಿನ ಜೊತೆ ಬಾಲ್ಕನಿಯಲ್ಲಿಟ್ಟಿದ್ದ ಆ ಹಳೆ ಟೈರನ್ನೂ ಉರುಳಿಸಿ ತಂದು, ಮೊದಲು ಹೊರಬದಿ, ಆಮೇಲೆ ಒಳಬದಿ ತೋರಿಸಿದೆ. ಬಹಳ ಹೊತ್ತು ನೋಡಿದ. "ಮೊದಲು ಹಿಂದಿನ ಬೋಲ್ಟು ತಿರುಗ್ತದಾ ನೋಡಿಸ್ಕೊಂಡು ಬರ್ತೀನಿ ಸರ್" ಎಂದು ಹೋದ. ಸ್ಪ್ರಿಂಗುಗಳು ಇನ್ನೂ ನಮ್ಮ ಬಾಲ್ಕನಿಯಲ್ಲೇ ಇವೆ.

ದಸರೆಗೆ ಅವ್ವನನ್ನು ಊರಿಗೆ ಬಿಡಲು ಹೋದೆವು. ಅದೇ ಹಿಂದಿನ ಸೀಟು, ಎಡಬದಿಯ ಕಿಟಕಿ. ನಿಪ್ಪಾಣಿ ದಾಟಿದ ಮೇಲೆ ನಾನೇ ಹಾಡು ನಿಲ್ಲಿಸಿ ಕೇಳಿದೆ: "ಅವ್ವಾ, ಹಿಂದ ಸಪ್ಪಳ ಬರಾಕತ್ತೇತೇನು?"

ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವ್ವ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.